ಬಕೆಟ್‌ಗೆ ಡಯಾಲಿಸಿಸ್

ನಮ್ಮ ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ಹತ್ತೂವರೆಗೆ ಒಂದು ಬಕೆಟ್‌ಗೆ ಡಯಾಲಿಸಿಸ್ ಆಗುತ್ತಿತ್ತು. ನೀಲಿ ಬಕೆಟ್. ಹಿಡಿಕೆ ಮುರಿದದ್ದು. ಏಳು ತಿಂಗಳು ಅದು ಒಂದು ದಿನವೂ ತಪ್ಪಿಸಲಿಲ್ಲ. ಭಾನುವಾರ ಮಾತ್ರ ರಜೆ.

ನನ್ನ ಅತ್ತೆ ಭಾಗಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಬೇಕಿತ್ತು. ಅವಳಿಗೆ ಅಲ್ಲಿ ಆಗುತ್ತಿರಲಿಲ್ಲ. ಅವಳು ಬಕೆಟ್ ಅಲ್ಲ.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಕಡೆಯ ಯಾರು ಓದಿದರೂ ತಮ್ಮದೇ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಭಾಗಮ್ಮ ಅದೇ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಕಸ ಹೊಡೆದಳು. ಗುತ್ತಿಗೆ ಕೆಲಸ. ಹೆರಿಗೆ ಕೋಣೆಯ ರಕ್ತ ತೊಳೆದಳು. ಗಟಾರಕ್ಕೆ ಕೈ ಹಾಕಿದಳು. ಹೆಣದ ಕೋಣೆಯ ಕಲ್ಲು ತಿಕ್ಕಿದಳು. ಕೈಗವಸು ವರ್ಷಕ್ಕೊಮ್ಮೆ ಬರುತ್ತಿತ್ತು. ಫೋಟೊ ಹೊಡೆದ ಮೇಲೆ ವಾಪಸ್ ಹೋಗುತ್ತಿತ್ತು. ಅವಳ ಎರಡೂ ಕಿಡ್ನಿ ಹೋದವು ಅಂತ ಗೊತ್ತಾದ ವಾರವೇ ಗುತ್ತಿಗೆದಾರ ಅವಳ ಹೆಸರು ಹೊಡೆದುಹಾಕಿದ.

"ಜಡ್ಡಿನವರನ್ನ ದವಾಖಾನ್ಯಾಗ ಇಟ್ಕೊಳ್ಳಾಕ ಬರಂಗಿಲ್ಲ ಭಾಗವ್ವ," ಅಂದ.

ಅವನು ಅದನ್ನು ಗಂಭೀರವಾಗಿಯೇ ಹೇಳಿದ.

ನಾನು ರಮಾಬಾಯಿ. ಕಲಬುರಗಿಯಲ್ಲಿ ಕನ್ನಡ ಎಂ.ಎ. ಮಾಡಿದ್ದೇನೆ. ನನ್ನ ಗಂಡ ಜಗದೇವ ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಬೇಳೆ ಮಿಲ್ಲಿಗೆ ಚೀಲ ಹೊರುತ್ತಿದ್ದ. ಹೋದ ವರ್ಷದ ಹಿಂದಿನ ವರ್ಷ, ಮಾರ್ಚ್ ಒಂಬತ್ತಕ್ಕೆ, ಬೆನ್ನ ಮೇಲಿನ ಚೀಲದ ಸಮೇತ ಬಿದ್ದ. ಎದೆ ಹಿಡಿದುಕೊಂಡ. ಆ ಊರಿನ ಆಸ್ಪತ್ರೆಗೆ ಅಂಬುಲೆನ್ಸ್ ಕೇಳಿದರು. ಗಾಡಿ ಇಲ್ಲ ಅಂದರು. ಎರಡು ತಾಸು ಗಾಡಿ ಇಲ್ಲ ಅಂದರು. ಆಮೇಲೆ ಗಾಡಿ ಬೇಕಾಗಲಿಲ್ಲ.

ಆವತ್ತಿನಿಂದ ನನಗೆ ಅಳು ಬರುವುದಿಲ್ಲ. ನಗುವೂ ಬರುವುದಿಲ್ಲ. ಕೆಲವೊಮ್ಮೆ ಎದುರಿನವರು ನಕ್ಕಾಗ, ನಾನು ಏನೋ ಹೇಳಿರಬೇಕು ಅಂತ ಗೊತ್ತಾಗುತ್ತದೆ.

ವಾರಕ್ಕೆ ಎರಡು ಸಲ, ಬೆಳಗಿನ ಐದೂವರೆಯ ಬಸ್ಸಿಗೆ ಅತ್ತೆಯನ್ನು ಕಲಬುರಗಿಗೆ ಕರೆದೊಯ್ಯುತ್ತಿದ್ದೆ. ಹೋಗಲು ಎರಡೂವರೆ ತಾಸು. ಮಶೀನಿನ ಮೇಲೆ ನಾಲ್ಕು ತಾಸು. ಬರಲು ಎರಡೂವರೆ ತಾಸು. ಬರುವಾಗ ಅವಳು ಕಿಟಕಿಯಿಂದ ವಾಂತಿ ಮಾಡಿಕೊಳ್ಳುತ್ತಿದ್ದಳು. ನಾನು ಅವಳ ಸೊಂಟ ಹಿಡಿದುಕೊಂಡಿರುತ್ತಿದ್ದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ವಾಂತಿಯೂ ಪುಕ್ಕಟೆ.

ನಮ್ಮ ಹಿಂದಿನ ಸೀಟಿನಲ್ಲಿ ರಸೂಲ ಚಾಚಾ, ಅವನ ಹೆಂಡತಿ ಗೌಸಿಯಾಬೇಗಂ. ಚಾಚಾ ಶಾಮಿಯಾನ ಹಾಕುವವನು. ಮದುವೆ, ಉರುಸು, ಸಭೆ, ಎಲ್ಲಕ್ಕೂ ಅವನದೇ ಬಟ್ಟೆ, ಅವನದೇ ಬಿದಿರು. ಅವನಿಗೂ ಕಿಡ್ನಿ ಹೋಗಿತ್ತು. ಎಡಗೈಯಲ್ಲಿ ಸೂಜಿ ಚುಚ್ಚಲು ನರ ಕೂಡಿಸಿದ್ದರು. ಆ ಕೈಯಿಂದ ಭಾರ ಎತ್ತಬಾರದು. ಅವನು ಬಲಗೈಯಿಂದ ಬಿದಿರು ಎತ್ತುತ್ತಿದ್ದ. ಹಲ್ಲಿನಿಂದ ಹಗ್ಗ ಬಿಗಿಯುತ್ತಿದ್ದ.

"ಭಾಗವ್ವ, ನಿಂದು ಇವತ್ತ ರಕ್ತದಾಗ ಕ್ರಿಯಾಟಿನಿನ್ ಎಷ್ಟು?"

"ಎಂಟೂವರಿ."

"ನಂದು ಹತ್ತು. ನಾ ಗೆದ್ದೆ."

"ಗೆದ್ರ ಮೊದಲ ನೀನೇ ಹೋಗ್ತಿ. ಹೋಗಿ ನನಗೊಂದು ಕಿಟಕಿ ಸೀಟು ಹಿಡಿ," ಅನ್ನುತ್ತಿದ್ದಳು ಅತ್ತೆ.

ಗೌಸಿಯಾ ಚಾಚಿ ಗಂಡನ ಬೆನ್ನಿಗೆ ಗುದ್ದುತ್ತಿದ್ದಳು. "ತೂ ಚುಪ್ ಬೈಠ್! ತೊಗರಿ ರೇಟ್ ಕೇಳಿದಂಗ ಕೇಳ್ತಾನ."

ಇಬ್ಬರಿಗೂ ದಿನಕ್ಕೆ ಮೂರು ಲೋಟ ನೀರು. ಹೊರಗೆ ನಲವತ್ಮೂರು ಡಿಗ್ರಿ. ಬೇಳೆ ತಿನ್ನಬಾರದು, ಸೊಪ್ಪು ತಿನ್ನಬಾರದು, ಬಾಳೆಹಣ್ಣು, ಉಪ್ಪು ಬೇಡ ಅಂತ ಡಾಕ್ಟರ್ ಪಟ್ಟಿ ಬರೆದುಕೊಟ್ಟಾಗ ಅತ್ತೆ ಆ ಚೀಟಿಯನ್ನು ತಿರುಗಿಸಿ ನೋಡಿದ್ದಳು. "ಇದರ ಮ್ಯಾಲ ಚಟ್ನಿ ಹಚ್ಕೊಂಡು ಇದನ್ನೇ ತಿನ್ಲೇನ್ರಿ?" ಅಂದಿದ್ದಳು.

ಹೀಗಿರುವಾಗ ನವೆಂಬರಿನಲ್ಲಿ ನಮ್ಮ ಆಸ್ಪತ್ರೆಗೇ ಎರಡು ಮಶೀನು ಬಂದವು. ಅವುಗಳ ಜೊತೆ ಶಾರುಖ ಅನ್ನುವ ಟೆಕ್ನಿಷಿಯನ್ ಬಂದ. ಓದಿದ ಹುಡುಗ, ಪಗಾರ ಶುರುವಾಗಿತ್ತು. ಕೋಣೆಗೆ ಬಣ್ಣ ಹಚ್ಚಿದರು. ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿದರು. ಸಾಹೇಬರು ಬಂದು ಕತ್ತರಿಸಬೇಕು. ಅವರ ಹೆಸರಿನ ಕಲ್ಲು ಆಗಲೇ ಗೋಡೆಗೆ ಕೂತಿತ್ತು. ಸಾಹೇಬರು ಅಂದರೆ ನಮ್ಮ ಭಾಗದ ದೊಡ್ಡ ಮನುಷ್ಯರು. ಅವರು ಕತ್ತರಿಸದೆ ಇಲ್ಲಿ ಬಸ್ ಸ್ಟಾಪಿನಲ್ಲಿ ಕೂಡ ಯಾರೂ ಕೂರುವ ಹಾಗಿಲ್ಲ.

ಒಂದು ದಿನ ಅತ್ತೆಗೆ ಇಂಜೆಕ್ಷನ್ ಹಾಕಿಸಲು ಹೋಗಿದ್ದೆವು. ರಿಬ್ಬನ್ನಿನ ಆಚೆ ಮಶೀನು ಗುಂಯ್ ಅನ್ನುತ್ತಿತ್ತು. ಅತ್ತೆ ಬಗ್ಗಿ ನೋಡಿದಳು. ಶಾರುಖ ಒಳಗೆ ಸ್ಟೂಲಿನ ಮೇಲೆ ಕೂತಿದ್ದ. ಮಶೀನಿನ ಎರಡೂ ಪೈಪು ನೀಲಿ ಬಕೆಟ್ಟಿನಲ್ಲಿ ಇಳಿದಿದ್ದವು.

"ಏನು ಮಾಡಾಕತ್ತಿಯೋ ತಮ್ಮಾ?"

"ಮಶೀನ್ ಖಾಲಿ ಇಟ್ರ ಕೆಡತದ್ರಿ ಅವ್ವಾ. ದಿನಾ ಓಡಸ್ಬೇಕು. ಬಕೆಟ್‌ನ್ಯಾಗಿಂದ ನೀರು ಹೋಗ್ತದ, ತಿರುಗಿ ಬಕೆಟ್‌ಗೇ ಬರ್ತದ."

"ಬಕೆಟ್‌ಗೆ ಏನಾಗ್ಯದ?"

"ಏನೂ ಆಗಿಲ್ರಿ."

"ಹಂಗಾದ್ರ ಅದಕ್ಕ ಡಿಸ್ಚಾರ್ಜ್ ಮಾಡು. ಆ ಜಾಗಾದಾಗ ನಾ ಕುಂದರ್ತೇನಿ."

ಹುಡುಗ ತಲೆ ತಗ್ಗಿಸಿದ. "ಇನ್ನಾ ಉದ್ಘಾಟನಾ ಆಗಿಲ್ರಿ."

"ಬಕೆಟ್‌ಗೆ ಆಗೇದೇನು?"

ಅತ್ತೆ ಬಕೆಟ್ಟನ್ನೇ ನೋಡುತ್ತ ನಿಂತಳು. "ರಮಾ, ಇದು ನನ್ನ ಬಕೆಟ್ ಬೇ," ಅಂದಳು. "ಹಿಡಿಕಿ ಮುರಿದದ್ದು ನಾನೇ. ನನ್ನ ತೆಗೆದ್ರು, ಇದನ್ನ ಇಟ್ಕೊಂಡ್ರು."

ಉದ್ಘಾಟನೆಯ ತಾರೀಕು ನಾಲ್ಕು ಸಲ ಗೊತ್ತಾಯಿತು. ನಾಲ್ಕು ಸಲವೂ ರಸೂಲ ಚಾಚಾ ಅಂಗಳದಲ್ಲಿ ಶಾಮಿಯಾನ ಹಾಕಿದ. ತಾನು ಮಲಗಬೇಕಾದ ಮಶೀನಿನ ಸಲುವಾಗಿ ತಾನೇ ಹಲ್ಲಿನಿಂದ ಹಗ್ಗ ಬಿಗಿದ. ನಾಲ್ಕು ಸಲವೂ ಬಿಚ್ಚಿದ. ಮೊದಲ ಸಲ ತಾರೀಕು ಅಮಾವಾಸ್ಯೆಗೆ ಬಿದ್ದಿತ್ತು. ಸಾಹೇಬರ ಜ್ಯೋತಿಷಿ ಒಪ್ಪಲಿಲ್ಲ. ಮೂರನೆಯ ಸಲ ಕೆಂಪು ರಿಬ್ಬನ್ ಸಾಹೇಬರ ರಾಶಿಗೆ ಆಗಿಬರುವುದಿಲ್ಲ ಅಂತ ಹಸಿರು ಕಟ್ಟಿದರು. ಹಸಿರು ಕಟ್ಟುವಷ್ಟರಲ್ಲಿ ರಾಹುಕಾಲ ಬಂತು. ನಾಲ್ಕನೆಯ ಸಲ ಬರುವ ದಾರಿಯಲ್ಲಿ ಬೆಕ್ಕು ಅಡ್ಡ ಹೋಯಿತಂತೆ. ಗಾಡಿ ತಿರುಗಿಸಿಕೊಂಡು ಹೋದರು.

"ಆ ಬೆಕ್ಕಿಗಿ ನಾ ಹಾಲು ಹಾಕ್ತಿದ್ದೆ. ಇನ್ನ ಹಾಕಂಗಿಲ್ಲ," ಅಂದಳು ಗೌಸಿಯಾ ಚಾಚಿ.

ಎರಡನೆಯ ಸಲದ್ದು ಬಿಟ್ಟೆ. ಅದನ್ನು ಬೇರೆ ಹೇಳಬೇಕು.

ಅದು ಜನವರಿ. ಸ್ವಾಗತ ಭಾಷಣ ಓದಲು ಓದಿದವರು ಬೇಕು ಅಂತ ನರ್ಸು ನನಗೆ ಹೇಳಿಕಳಿಸಿದ್ದಳು. ನಾನು ಬರೆದುಕೊಂಡು ಹೋಗಿದ್ದೆ. ಅರ್ಧ ಪುಟ. ಕೊಡ ಹಿಡಿದ ಐದು ಜನ ಮುತ್ತೈದೆಯರ ಪಕ್ಕ ನಿಂತಿದ್ದೆ. ಸಾಹೇಬರ ಪಿ.ಎ. ಬಂದ. ಸಾಲು ನೋಡಿಕೊಂಡು ಬಂದ. ನನ್ನ ಹಣೆ ನೋಡಿ ನಿಂತ.

"ಇಕಿ ಯಾರು?"

"ಜಗದೇವನ ಹೆಂಡತಿ ರೀ," ಅಂದಳು ನರ್ಸು. "ಅವ ತೀರ್ಕೊಂಡಾನ."

"ತಲಿ ಐತೇನು ನಿಮಗ? ಶುಭ ಕಾರ್ಯದಾಗ ಇಂಥವರನ್ನ ಮುಂದ ನಿಂದ್ರಸ್ತಾರೇನು?" ಅವನು ನನಗೆ ಹೇಳಲಿಲ್ಲ. ನರ್ಸಿಗೆ ಹೇಳಿದ. ಆಮೇಲೆ ಬೆರಳಿನಿಂದ ನನಗೆ ಹಿಂದೆ ತೋರಿಸಿದ. "ಹಿಂದ. ಇನ್ನಾ ಹಿಂದ. ಸಾಹೇಬರ ಕಣ್ಣಿಗಿ ಬೀಳಬಾರದು."

ನಾನು ಹಿಂದೆ ಹೋದೆ. ಕಸಬರಿಗೆ ಇಡುವ ಮೂಲೆಯವರೆಗೆ ಹೋದೆ. ಅಲ್ಲಿ ಮೂರು ತಾಸು ನಿಂತೆ. ಸಾಹೇಬರು ಬರಲಿಲ್ಲ. ನನ್ನ ಅರ್ಧ ಪುಟ ಬೆವರಿಗೆ ಒದ್ದೆಯಾಯಿತು. ಮನೆಗೆ ಬಂದು ಅದರಿಂದ ಒಲೆ ಹಚ್ಚಿದೆ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಚಹಾ ಮಾತ್ರ ಆಯಿತು.

ಜೂನಿನಲ್ಲಿ ಮಳೆ ಹೊಡೆಯಿತು. ಹಳ್ಳದ ಸೇತುವೆ ಮುಳುಗಿತು. ಕಲಬುರಗಿ ಬಸ್ಸು ನಿಂತಿತು. ಸುತ್ತು ಹಾಕಿ ಹೋಗುವ ದಾರಿ ಕೆಸರು. ಅತ್ತೆಗೆ ಎರಡು ಡಯಾಲಿಸಿಸ್ ತಪ್ಪಿದವು. ರಸೂಲ ಚಾಚಾನಿಗೂ ಎರಡು ತಪ್ಪಿದವು. ಅವನು ಗಟ್ಟಿ, ತಡೆದುಕೊಂಡ. ಅತ್ತೆಯ ಕಾಲು ಕುಂಬಳಕಾಯಿ ಆದವು. ಮುಖ ಊದಿ ಕಣ್ಣು ಮುಚ್ಚಿದವು. ಎರಡನೆಯದು ತಪ್ಪಿದ ಮೂರನೆಯ ದಿನ ಬೆಳಿಗ್ಗೆ ಉಸಿರು ಸಿಗದಾಯಿತು. ಎದೆಯೊಳಗೆ ನೀರು ಗುಳುಗುಳು ಅನ್ನುತ್ತಿತ್ತು.

ಚಾಚಾ ಶಾಮಿಯಾನದ ತಳ್ಳುಗಾಡಿ ತಂದ. ಅದರ ಮೇಲೆ ಅವಳನ್ನು ಕೂರಿಸಿ ನಾವು ಮೂವರೂ ನೂಕಿದೆವು. ಒಬ್ಬ ರೋಗಿಯನ್ನು ಇನ್ನೊಬ್ಬ ರೋಗಿ ನೂಕುತ್ತಿದ್ದ.

"ಭಾಗವ್ವ, ಉಸಿರು ತಗೋ. ನನಗಿಂತ ಮೊದಲ ಹೋದ್ರ ಸೀಟು ಯಾರು ಹಿಡೀಬೇಕು?"

ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ಅವಳಿಗೆ ಮಾತು ಬರದ್ದನ್ನು ನಾನು ಮೊದಲ ಸಲ ನೋಡಿದೆ.

ಆಸ್ಪತ್ರೆಯ ದೊಡ್ಡ ಡಾಕ್ಟರ್ ಆಕ್ಸಿಜನ್ ಹಚ್ಚಿದರು. ಚೀಟಿ ಬರೆದರು. "ಕಲಬುರಗಿಗಿ ಒಯ್ಯಿರಿ. ಅಂಬುಲೆನ್ಸ್‌ಗೆ ಫೋನ್ ಮಾಡಿಸ್ತೇನಿ."

"ಯಾವಾಗ ಬರ್ತದ್ರಿ?"

"ಸದ್ಯ ಗಾಡಿ ಇಲ್ಲ ಅಂತಾರ. ನೋಡೂಣು."

ಗಾಡಿ ಇಲ್ಲ. ನಾನು ಚೀಟಿ ತೆಗೆದುಕೊಳ್ಳಲಿಲ್ಲ. ಡಾಕ್ಟರ ಕೈ ಮುಂದೆಯೇ ಇತ್ತು.

"ಒಯ್ಯಂಗಿಲ್ರಿ," ಅಂದೆ.

"ಏನು?"

"ಮಶೀನ್ ಅಲ್ಲೇ ಅದ. ನಲವತ್ತು ಹೆಜ್ಜಿ. ಅಲ್ಲಿಗೆ ಒಯ್ತೇನಿ."

ಡಾಕ್ಟರ್ ಕನ್ನಡಕ ತೆಗೆದರು. ಅವರು ಕೆಟ್ಟವರಲ್ಲ. ಹೆದರುವವರು. "ತಂಗಿ, ಹದಿನೆಂಟಕ್ಕ ಸಾಹೇಬ್ರು ಖಂಡಿತ ಬರ್ತಾರ. ಒಂಬತ್ತೇ ದಿನ. ರಿಬ್ಬನ್ ಹರಿದ್ರ ನನ್ನ ನೌಕರಿ ಹೋಗ್ತದ."

"ಒಂಬತ್ತು ದಿನ ಉಸಿರು ಹಿಡ್ಕೊಂಡು ಕುಂದರ್ತೀಯೇನಂತ ಕೇಳ್ರಿ ಅಕಿಗಿ!" ಗೌಸಿಯಾ ಚಾಚಿ ಕೂಗಿದಳು.

ಶಾರುಖ ಓಡಿ ಬಂದಿದ್ದ. ಕಲಬುರಗಿಯ ಫೈಲು ತಿರುವಿ ನೋಡಿದ. "ಮಶೀನ್ ರೆಡಿ ಅದರಿ ಸರ್. ಈಗಷ್ಟೆ ಬಕೆಟ್‌ದು ಮುಗಿದದ. ಎಷ್ಟು ನೀರು ತೆಗೀಬೇಕು ಅಂತ ಇದರಾಗ ಬರದದ. ನೀವೊಂದು ಸಹಿ ಹಾಕ್ರಿ."

ಎಲ್ಲರೂ ಬಾಗಿಲಿಗೆ ಹೋದೆವು. ಹಸಿರು ರಿಬ್ಬನ್ ಬಾಗಿಲಿನ ನಡು ಮಟ್ಟಕ್ಕೆ ಇತ್ತು. ಅದರ ಮುಂದೆ ಡಾಕ್ಟರ್, ನರ್ಸು, ಶಾರುಖ, ಗಾಲಿ ಮಂಚ. ಮಂಚದ ಮೇಲೆ ಕೂತೇ ಉಸಿರಾಡುತ್ತಿದ್ದ ಅತ್ತೆ. ಮಲಗಿಸಿದರೆ ಉಸಿರು ನಿಲ್ಲುತ್ತಿತ್ತು. ಕೂರಿಸಿದರೆ ಎದೆಗೆ ರಿಬ್ಬನ್ ತಾಗುತ್ತಿತ್ತು.

"ಕೆಳಗಿಂದ ಬಗ್ಗಿ ಹೋಗಬಹುದಲ್ಲ?" ಅಂದರು ಡಾಕ್ಟರ್. ನಿಜವಾಗಿ ಅಂದರು. ನರ್ಸು ಬಗ್ಗಿ ಹೋಗಿ ತೋರಿಸಿದಳು ಕೂಡ. ಒಳಗಿನಿಂದ ಬರ್ರಿ ಬರ್ರಿ ಅಂತ ಕೈ ಮಾಡಿದಳು. ಅತ್ತೆಗೆ ಬಗ್ಗಲು ಆಗುತ್ತಿರಲಿಲ್ಲ.

"ರಿಬ್ಬನ್ ಮ್ಯಾಲ ಎತ್ತಿ ಹಿಡಿಯೂಣ್ರಿ," ಅಂದ ಶಾರುಖ.

"ಸೀಲ್ ಹಾಕ್ಯಾರೋ. ಎತ್ತಿದ್ರ ಹರಿತದ."

"ಹರೀಲಿ ಸರ್. ಸಾಹೇಬ್ರು ಬರೂದ್ರೊಳಗ ಹೊಸಾದು ಕಟ್ಟೂಣು. ಯಾರಿಗೂ ಗೊತ್ತಾಗಂಗಿಲ್ಲ."

ಡಾಕ್ಟರ ಮುಖ ಅರಳಿತು. "ಹಂಗ ಮಾಡ್ರಿ. ಇವತ್ತೊಂದು ದಿನ. ಮತ್ತ ಬಂದ್ ಮಾಡಿ ಕಟ್ಟಿಬಿಡೂಣು. ಬಕೆಟ್ ಹ್ಯಾಂಗೂ ಅದ."

ಆಗ ನನಗೆ ತಿಳಿಯಿತು. ಇವತ್ತು ಅತ್ತೆ ಬದುಕುತ್ತಾಳೆ. ನಾಳೆ ಮತ್ತೆ ರಿಬ್ಬನ್. ನಾಡಿದ್ದು ರಸೂಲ ಚಾಚಾ. ಅಮಾವಾಸ್ಯೆ, ರಾಹುಕಾಲ, ಬೆಕ್ಕು. ಮುಂದಿನ ಮಳೆ. ಮತ್ತೆ ತಳ್ಳುಗಾಡಿ.

ಚಾಚಾನ ಸೊಂಟದಲ್ಲಿ ಹಗ್ಗ ಕತ್ತರಿಸುವ ಚಾಕು ಇರುತ್ತದೆ. ಕೈ ಚಾಚಿದೆ.

"ನೀ ಬ್ಯಾಡ ಬೇಟಿ," ಅಂದ ಚಾಚಾ. "ನಾ ಕೊಯ್ತೇನಿ. ನನಗ ಏನು ಮಾಡ್ತಾರ? ಕಿಡ್ನಿ ಕಸ್ಕೊಳ್ತಾರೇನು?"

"ನಿಮ್ಮಿಂದ ಆಗಂಗಿಲ್ಲ ಚಾಚಾ. ನೀವು ಕೊಯ್ದ್ರ ಮತ್ತ ಕಟ್ತಾರ. ನಾನೇ ಕೊಯ್ಬೇಕು."

ಗೌಸಿಯಾ ಚಾಚಿಗೆ ಫೋನ್ ತೆಗೆಯಲು ಹೇಳಿದೆ. ವಿಡಿಯೋ ಹಚ್ಚು ಅಂದೆ. ಚಾಚಿ ಫೋನ್ ಮೊದಲು ತಿರುವುಮುರುವು ಹಿಡಿದಿದ್ದಳು. ಆಮೇಲೆ ಸರಿ ಹಿಡಿದಳು. ನಾನು ಸೆರಗು ಹಿಂದೆ ಸರಿಸಿದೆ. ಹಣೆ ಕಾಣುವಂತೆ ನಿಂತೆ.

"ನಾನು ರಮಾಬಾಯಿ. ಜಗದೇವನ ಹೆಂಡತಿ. ವಿಧವೆ. ಇವತ್ತು ಜೂನ್ ಒಂಬತ್ತು. ಈ ಡಯಾಲಿಸಿಸ್ ಕೋಣೆಯನ್ನು ನಾನು ಉದ್ಘಾಟಿಸುತ್ತಿದ್ದೇನೆ."

ರಿಬ್ಬನ್ ಕೊಯ್ದೆ. ಚಾಕು ಮೊಂಡಾಗಿತ್ತು. ಮೂರು ಸಲ ಎಳೆಯಬೇಕಾಯಿತು.

ಆಮೇಲೆ ಒಳಗಿದ್ದ ನರ್ಸು, ಅಭ್ಯಾಸಬಲದಿಂದ, ಚಪ್ಪಾಳೆ ತಟ್ಟಿದಳು. ಡಾಕ್ಟರ್ ಅವಳನ್ನು ನೋಡಿದ ಮೇಲೆ ನಿಲ್ಲಿಸಿದಳು. ಡಾಕ್ಟರ್ ಗೋಡೆಗೆ ಒರಗಿ, ಅಲ್ಲೇ ನಿಂತು, ಫೈಲಿಗೆ ಸಹಿ ಹಾಕಿದರು.

ಶಾರುಖ ಸೂಜಿ ಹಿಡಿದ. ಸೂಜಿ ಒಂದೇ ಸಲಕ್ಕೆ ಹೋಯಿತು. ಏಳು ತಿಂಗಳಿನಿಂದ ಅವನು ಮನುಷ್ಯರಿಗಾಗಿ ಕಾದಿದ್ದ. ಒಂದು ತಾಸಿಗೆ ಗುಳುಗುಳು ಕಡಿಮೆಯಾಯಿತು. ಎರಡು ತಾಸಿಗೆ ಕಣ್ಣು ತೆರೆದವು. ಅತ್ತೆ ಮೂಲೆ ನೋಡಿದಳು. ನೀಲಿ ಬಕೆಟ್ ಬೋರಲು ಬಿದ್ದಿತ್ತು.

"ಬಕೆಟ್‌ಗೆ ಇವತ್ತ ರಜಾ ಏನು?" ಅಂದಳು.

ಪಕ್ಕದ ಮಶೀನಿಗೆ ರಸೂಲ ಚಾಚಾ ಯಾರನ್ನೂ ಕೇಳದೆ ಹೋಗಿ ಮಲಗಿದ್ದ.

ಮರುದಿನ ಡಾಕ್ಟರ್ ಠಾಣೆಗೆ ಹೋದರಂತೆ. ಏನು ಹಾಳಾಗ್ಯದ ಅಂತ ಪೊಲೀಸರು ಕೇಳಿದರಂತೆ. ರಿಬ್ಬನ್ ಅಂದರಂತೆ. ಯಾವಾಗ ಕಟ್ಟಿದ್ದು? ನವೆಂಬರಿನಲ್ಲಿ ಕೆಂಪು, ಆಮೇಲೆ ಹಸಿರು. ಯಾಕ ಕಟ್ಟಿದ್ರಿ, ಒಳಗ ಏನಿತ್ತು? ಡಾಕ್ಟರ್ ಎದ್ದು ಬಂದರಂತೆ.

ಆ ಹೊತ್ತಿಗೆ ಚಾಚಿಯ ವಿಡಿಯೋ ಕರಜಗಿ ದಾಟಿ, ಅತನೂರ ದಾಟಿ, ಖಜೂರಿಯ ಲಾರಿಯವರ ಕೈಯಿಂದ ಮಹಾರಾಷ್ಟ್ರಕ್ಕೂ ಹೋಗಿತ್ತು.

ಮೂರನೆಯ ದಿನ ಪಿ.ಎ. ಬಂದ. ಜೊತೆಗೆ ಇಬ್ಬರು. ಒಬ್ಬನ ಕೈಯಲ್ಲಿ ಹೊಸ ರಿಬ್ಬನ್ನಿನ ಸುರುಳಿ. ಹಳದಿ.

"ಯಾರು ಕೊಯ್ದವರು?"

"ನಾನ್ರಿ."

"ನೀ ಯಾರು?"

"ಜನವರಿಯಾಗ ನೀವು ಹಿಂದ ಕಳಿಸಿದ್ರಿ. ಅಕಿ."

ಅವನು ನನ್ನ ಹಣೆ ನೋಡಿದ. ರಿಬ್ಬನ್ನಿನ ಸುರುಳಿ ನೋಡಿದ. ಹೊರಗೆ ಹೋಗಿ ಫೋನ್ ಹಚ್ಚಿದ. ಕಿಟಕಿಯಿಂದ ಅವನ ಅರ್ಧ ಮಾತು ಕೇಳುತ್ತಿತ್ತು.

"ಹೌದ್ರಿ ಸಾಹೇಬ್ರ... ಇಲ್ರಿ, ಮುತ್ತೈದಿ ಅಲ್ರಿ... ಹೌದ್ರಿ, ಅದೇ ರೀ... ಹೊಸಾದು ಕಟ್ಟಬಹುದ್ರಿ, ಆದ್ರ ವಿಡಿಯೋ ಎಲ್ಲಾರೂ ನೋಡ್ಯಾರ್ರಿ... ಶಾಸ್ತ್ರಿಗಳು ಏನಂತಾರ್ರಿ?... ಹಾಂ... ವಿಧವಾ ಕೈಯಿಂದ ಆದದ್ದರ ಮ್ಯಾಲ... ಹಾಂ... ಗಂಡಾಂತರ... ಹಾಂ ರೀ."

ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ. ಕೋಣೆಯ ಹೊಸ್ತಿಲು ದಾಟಲಿಲ್ಲ. "ಈ ಕೋಣಿಗೂ ಸಾಹೇಬ್ರಿಗೂ ಸಂಬಂಧ ಇಲ್ಲ," ಅಂದ. "ಅವರ ಹೆಸರಿನ ಕಲ್ಲು ತೆಗೀರಿ."

"ಮಶೀನ್ ಬಂದ್ ಮಾಡೂದೇನ್ರಿ?" ಡಾಕ್ಟರ್ ಕೇಳಿದರು.

"ಏನರ ಮಾಡ್ಕೋರಿ. ಸಾಹೇಬ್ರ ಹೆಸರು ಮಾತ್ರ ಹೇಳಬ್ಯಾಡ್ರಿ."

ಕಲ್ಲನ್ನು ಚಾಚಾನ ತಳ್ಳುಗಾಡಿಯಲ್ಲಿ ನಮ್ಮ ಮನೆಗೆ ತಂದೆವು. ಒಳ್ಳೆಯ ಕರಿ ಕಲ್ಲು, ನುಣುಪಾಗಿದೆ. ಹೆಸರು ಕೆಳಗೆ ಮಾಡಿ ಹಾಕಿದ್ದೇವೆ. ಅದರ ಮೇಲೆ ಬಟ್ಟೆ ಒಗೆಯುತ್ತೇನೆ. ರಿಬ್ಬನ್ನಿನ ಒಂದು ತುಂಡು ಗೌಸಿಯಾ ಚಾಚಿಯ ಆಡಿನ ಕೊರಳಲ್ಲಿದೆ.

ಈಗ ಆ ಕೋಣೆಯಲ್ಲಿ ದಿನಕ್ಕೆ ನಾಲ್ಕು ಜನರಿಗೆ ಆಗುತ್ತದೆ. ಶಾರುಖ ಬಡಕಲಾಗಿದ್ದಾನೆ, ಊಟಕ್ಕೆ ಹೊತ್ತಿಲ್ಲ. ಅತ್ತೆ ಮಲಗಿದಲ್ಲಿಂದಲೇ ಹೊಸ ಕಸದವಳಿಗೆ ಮೂಲೆ ತೋರಿಸುತ್ತಾಳೆ. "ಅಲ್ಲಿ ಬಿಟ್ಟಿ ನೋಡು ಬೇ. ಕೈಗವಸು ಕೇಳಿ ಇಸ್ಕೋ. ಫೋಟೊ ಆದ ಮ್ಯಾಲ ಕೊಡಬ್ಯಾಡ."

ಆಗಸ್ಟಿನಲ್ಲಿ ಒಂದು ದಿನ ಅತ್ತೆ ಮಶೀನಿನ ಮೇಲಿದ್ದಾಗ ನನಗೆ ಫೋನ್ ಬಂತು. ಗೊತ್ತಿಲ್ಲದ ಹೆಣ್ಣು ದನಿ.

"ಅಕ್ಕಾ, ವಿಡಿಯೋದಾಗ ಇರೋರು ನೀವೇ ಏನ್ರಿ? ನಾ ಮೆಹನಾಜ ರೀ. ಜೇವರ್ಗಿ ಕಡಿಯಾಕಿ, ಆಶಾ ಕೆಲಸ ಮಾಡ್ತೇನಿ." ಅವಳು ಊರಿನ ಹೆಸರು ಹೇಳಿದಳು. ನನಗೆ ಗೊತ್ತಿದ್ದ ಊರು. "ನಮ್ಮ ದವಾಖಾನಿ ಹಿಂದ ಒಂದು ಅಂಬುಲೆನ್ಸ್ ನಿಂತದ್ರಿ. ಹೊಸಾದು. ಮುಂದ ರಿಬ್ಬನ್ ಕಟ್ಯಾರ. ಉದ್ಘಾಟನಾ ಆಗಿಲ್ಲ. ಬಸರಿ ಹೆಣ್ಣುಮಕ್ಕಳನ್ನ ಟಂಟಂ ಆಟೋನ್ಯಾಗ ಒಯ್ಯಾಕತ್ತೇವಿ. ನಮ್ಮೂರಾಗೂ ವಿಧವಾ ಅದಾರ್ರಿ, ಆದ್ರ ಅಂಜ್ತಾರ. ನೀವು ಬಂದ್ರ..."

"ಯಾವಾಗ ಬಂದದ್ದು ಗಾಡಿ?"

"ಭಾಳ ದಿನಾ ಆತ್ರಿ. ಹೋದ ವರ್ಷದ ಹಿಂದಿನ ವರ್ಷ. ಜನವರಿ ಇಪ್ಪತ್ತಾರಕ್ಕ. ನಾವೇ ಆರತಿ ಮಾಡಿದ್ದೆವು. ಈಗ ಟೈರಿನ ಗಾಳಿ ಇಳಿದದ."

ಜನವರಿ ಇಪ್ಪತ್ತಾರು. ಮಾರ್ಚ್ ಒಂಬತ್ತು. ನಾನು ಬೆರಳು ಮಡಚಿ ಎಣಿಸಿದೆ. ನಲವತ್ತೆರಡು ದಿನ. ಜಗದೇವ ಬಿದ್ದ ದಿನ ಗಾಡಿ ಅಲ್ಲೇ ಇತ್ತು. ಗಾಳಿಯೂ ಇತ್ತು.

"ಅಕ್ಕಾ? ಅದೀರೇನ್ರಿ?"

"ಅದೇನಿ. ಬರ್ತೇನಿ. ಟೈರಿಗೆ ಗಾಳಿ ಹೊಡಿಸಿ ಇಟ್ಟಿರು," ಅಂದೆ.

ಅತ್ತೆ ನನ್ನ ಮುಖ ನೋಡುತ್ತಿದ್ದಳು. "ಯಾರು ಬೇ?"

"ಜೇವರ್ಗಿ ಕಡ್ಯಾಗ ಒಂದು ಉದ್ಘಾಟನಾ ಅದ ಅಂತ."

ಗಾಡಿ ಬಂದ ತಾರೀಕು ಹೇಳಲಿಲ್ಲ. ಅವಳ ಮಗ. ಅವಳು ನಾಲ್ಕು ತಾಸು ಅಲುಗಾಡದೆ ಮಲಗಬೇಕಿತ್ತು.

ಅತ್ತೆ ನಕ್ಕಳು. "ನನ್ನ ಮಗ ಹೋಗೋ ಮುಂದ ನಿನಗೊಂದು ದೊಡ್ಡ ಹುದ್ದೆ ಕೊಟ್ಟು ಹೋಗ್ಯಾನ ನೋಡು. ಹೋಗಿ ಬಾ. ಬಿಸಿಲದ. ಬಸ್ಸಿನಾಗ ನೀರು ಕುಡಿ. ನನ್ನ ಪಾಲಿಂದೂ ಕುಡಿ."

ರಸೂಲ ಚಾಚಾ ಚಾಕು ಕೊಟ್ಟ. ಈ ಸಲ ಸಾಣೆ ಹಿಡಿಸಿದ್ದ.

ಬಸ್ಸಿನಲ್ಲಿ ಕಂಡಕ್ಟರ್ ಆಧಾರ ಕಾರ್ಡ್ ನೋಡಿದ. ಎಲ್ಲಿಗೆ ಅಂತ ಕೇಳಿದ. ಊರು ಹೇಳಿದೆ.

"ಏನು ಕೆಲಸ ಅಲ್ಲಿ?"

"ಉದ್ಘಾಟನಾ."

ಅವನು ಚೀಟಿ ಹರಿಯುವುದನ್ನು ಬಿಟ್ಟು ನನ್ನ ಹಣೆ ನೋಡಿದ. ನಾನು ಸೆರಗನ್ನು ಇನ್ನೂ ಸ್ವಲ್ಪ ಹಿಂದೆ ಸರಿಸಿದೆ.